ಬಾಲವಿಲ್ಲದವರ ಬವಣೆ

ಬಿದ್ದವನನ್ನು ನೋಡಲು ಬರುವವರು "ಎಲ್ಲಿ ನೋವು?" ಎಂದು ಕೇಳುವುದು ಆಮೇಲೆ. ಮೊದಲ ಪ್ರಶ್ನೆ "ಹ್ಯಾಗೆ ಬಿದ್ರಿ ಮಾರಾಯ್ರೇ?" ಎಂಬುದೇ. ಆಷಾಢದ ಅಂಗಳದ ಪಾಚಿ ಎಂದರೇನೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾರಬಾರದೆಂದು ಅಡಿಕೆ ದಬ್ಬೆ ಹಾಸಿದರೆ, ನಾಲ್ಕು ದಿನಕ್ಕೆ ದಬ್ಬೆಯ ಮೇಲೂ ಪಾಚಿ. ನನ್ನ ಎಡಗೈಯಲ್ಲಿ ಕೊಡೆಯಿತ್ತು, ಬಲಗೈಯಲ್ಲಿ ಹಾಲಿನ ತಂಬಿಗೆ. ಕಾಲು ಮುಂದಕ್ಕೆ ಹೋಯಿತು, ನಾನು ಹಿಂದಕ್ಕೆ, ಹಾಲು ಮೂರನೆಯ ದಿಕ್ಕಿಗೆ. ಆ ಮೂರನೆಯ ದಿಕ್ಕು ಯಾವುದೆಂದು ಮೊದಲೇ ಗೊತ್ತಿದ್ದಂತೆ ಮನೆಯ ಬೆಕ್ಕು ಅಲ್ಲೇ ಕೂತಿತ್ತು.

ನೋಡಲು ಬಂದವರಲ್ಲಿ ಕೆಲವರು ಕೊಡೆ ಬಿಡಬೇಕಿತ್ತು ಎಂದರು, ಕೆಲವರು ತಂಬಿಗೆ ಬಿಡಬೇಕಿತ್ತು ಎಂದರು. ಡಾಕ್ಟರು ಮಾತ್ರ ವಾದಕ್ಕಿಳಿಯದೆ "ಬಾಲದ ಮೂಳೆಗೆ ಪೆಟ್ಟು, ಕೂರಬೇಡಿ" ಎಂದು ಬಿಟ್ಟರು. ನನಗೂ ಬಾಲಕ್ಕೂ ಇಷ್ಟು ಹತ್ತಿರದ ಸಂಬಂಧವಿದೆಯೆಂದು ಈ ವಯಸ್ಸಿನಲ್ಲಿ ಕೇಳಿ ರೋಮಾಂಚನವಾಯಿತು. ತಾಯಿಯ ಹೊಟ್ಟೆಯಲ್ಲಿರುವಾಗ ನಮಗೆಲ್ಲ ಪುಟ್ಟ ಬಾಲವೊಂದು ಇರುತ್ತದಂತೆ, ಎಂಟನೆಯ ವಾರದ ಹೊತ್ತಿಗೆ ಕರಗಿಹೋಗುತ್ತದಂತೆ. ಉಳಿಯುವುದು ಬೆನ್ನಿನ ತುದಿಯ ನಾಲ್ಕಾರು ಗಿಡ್ಡ ಮೂಳೆ, ಅದೂ ಬೀಳುವ ಕಾಲಕ್ಕೆ ಸರಿಯಾಗಿ ನೆಲಕ್ಕೆ ತಾಗುವ ಜಾಗದಲ್ಲಿ.

ಜಗಲಿಯ ಮೇಲೆ ಬೋರಲು ಮಲಗಿದವನಿಗೆ ಬೆಕ್ಕನ್ನು ಅದರ ಎತ್ತರದಿಂದಲೇ ನೋಡುವ ಯೋಗ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಕಟ್ಟಿದವರ ಕಣ್ಣಮುಂದೆ ಇದ್ದದ್ದು ಜಟ್ಟಿಯಲ್ಲ, ಬೆಕ್ಕೇ ಇರಬೇಕು. ಅಟ್ಟದಿಂದ ಬೆನ್ನಡಿಯಾಗಿ ಜಾರಿದರೂ ನೆಲ ಮುಟ್ಟುವುದು ನಾಲ್ಕು ಕಾಲಲ್ಲೇ. ಮರಿಗಳಿಗೆ ಈ ವಿದ್ಯೆ ಮೂರ್ನಾಲ್ಕು ವಾರಕ್ಕೆ ಹತ್ತತೊಡಗಿ ಆರೇಳು ವಾರಕ್ಕೆ ಕೈವಶವಾಗುತ್ತದೆ. ನಮ್ಮ ಮಕ್ಕಳು ಆ ವಯಸ್ಸಿಗೆ ಕುತ್ತಿಗೆಯನ್ನೂ ನಿಲ್ಲಿಸುವುದಿಲ್ಲ.

ದೊಡ್ಡ ದೊಡ್ಡವರ ತಲೆಯನ್ನೂ ಇದು ತಿಂದಿದೆ. ವಿದ್ಯುತ್ತು, ಕಾಂತ, ಬೆಳಕು ಎಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕೇಂಬ್ರಿಜ್‌ನಲ್ಲಿ ಓದುವಾಗ ಬೆಕ್ಕುಗಳನ್ನು ಬೀಳಿಸಿ ನೋಡುತ್ತಿದ್ದ. ಎಷ್ಟೋ ವರ್ಷಗಳ ಮೇಲೆ, 1870ರಲ್ಲಿ ಅವನು ಅಲ್ಲಿಗೆ ಹೋದಾಗ, ಬೆಕ್ಕುಗಳನ್ನು ಕಿಟಕಿಯಿಂದ ಎಸೆಯುತ್ತಿದ್ದ ಎಂದೇ ಅವನ ಖ್ಯಾತಿ ಉಳಿದಿತ್ತು. ಹಾಗೇನಿಲ್ಲ, ಎರಡಂಗುಲ ಎತ್ತರದಿಂದ ಮೇಜಿನ ಮೇಲೋ ಹಾಸಿಗೆಯ ಮೇಲೋ ಬಿಡುತ್ತಿದ್ದೆನಷ್ಟೆ ಎಂದು ಹೆಂಡತಿಗೆ ಪತ್ರ ಬರೆದು ಸಮಜಾಯಿಷಿ ಕೊಡಬೇಕಾಯಿತು. ಹೆಂಡತಿ ನಂಬಿದಳೋ ಇಲ್ಲವೋ, ನಾನು ನಂಬಿದ್ದೇನೆ. ಜಾರಿ ಬಿದ್ದವರ ಸಮಜಾಯಿಷಿಯನ್ನು ಮನೆಯಲ್ಲಿ ಯಾರೂ ನಂಬುವುದಿಲ್ಲವೆಂಬುದು ನನಗೆ ಗೊತ್ತಿರುವುದರಿಂದ ಇಂಥವರ ಮೇಲೆ ನನಗೆ ಮರುಕ.

ತಕರಾರು ಏನೆಂದರೆ, ಆತುಕೊಳ್ಳಲು ಏನೂ ಇಲ್ಲದೆ ಗಾಳಿಯಲ್ಲಿರುವ ವಸ್ತು ತಾನಾಗಿ ತಿರುಗತೊಡಗಲಾರದು. ಕೋನೀಯ ಸಂವೇಗ ಎಂಬ ಲೆಕ್ಕ ಶುರುವಿನಲ್ಲಿ ಸೊನ್ನೆಯಿದ್ದರೆ ಕೊನೆಗೂ ಸೊನ್ನೆಯೇ. 1894ರಲ್ಲಿ ಏಟಿಯೆನ್ ಜೂಲ್ ಮಾರೆ ಎಂಬಾತ, ಬೀಳುವ ಬೆಕ್ಕಿನ ಸಾಲುಸಾಲು ಚಿತ್ರ ತೆಗೆದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಬೆಕ್ಕು ಹಿಡಿದವನ ಕೈಯನ್ನೇ ಒದ್ದು ತಿರುಗುವ ವೇಗ ಪಡೆಯುತ್ತದೆ ಎನ್ನುವವರಿದ್ದರು. ಚಿತ್ರದಲ್ಲಿ ನೋಡಿದರೆ, ಕೈಬಿಟ್ಟ ಬೆಕ್ಕು ಮೊದಮೊದಲು ತೆಪ್ಪಗೆ ಬೀಳುತ್ತಿದೆ. ಆಮೇಲೆ ಮುಂಗಾಲುಗಳನ್ನು ಎದೆಗೆ ಅವುಚಿಕೊಂಡು ಹಿಂಗಾಲುಗಳನ್ನು ಚಾಚುತ್ತದೆ. ಅವುಚಿಕೊಂಡ ಭಾಗ ಸಲೀಸಾಗಿ ತಿರುಗುತ್ತದೆ, ಚಾಚಿಕೊಂಡ ಭಾಗ ಮೊಂಡು ಹಿಡಿಯುತ್ತದೆ. ಒದ್ದೆ ಜಮಖಾನೆಯನ್ನು ಇಬ್ಬರು ಆಚೆ ಈಚೆ ನಿಂತು ಹಿಂಡಿದ ಹಾಗೆ ಮುಂಭಾಗ ಒಂದು ಕಡೆಗೆ ಜೋರಾಗಿ, ಹಿಂಭಾಗ ಎದುರು ಕಡೆಗೆ ತುಸುವೇ. ಮುಖ ನೆಲ ಕಂಡಮೇಲೆ ಪಾತ್ರ ಅದಲುಬದಲು: ಮುಂಗಾಲು ಚಾಚಿ, ಹಿಂಗಾಲು ಅವುಚಿ, ಉಳಿದರ್ಧವನ್ನೂ ಎಳೆದುಕೊಳ್ಳುತ್ತದೆ. ಒಟ್ಟು ಲೆಕ್ಕ ಸೊನ್ನೆಯೇ, ಬೆಕ್ಕು ಮಾತ್ರ ಮಗುಚಿರುತ್ತದೆ. ಇದನ್ನು ಕೇನ್ ಮತ್ತು ಶೇರ್ ಎಂಬಿಬ್ಬರು ಸಮೀಕರಣದಲ್ಲಿ ಕೂರಿಸಿದ್ದು 1969ರಲ್ಲಿ. ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷದಲ್ಲೇ ಬೆಕ್ಕು ಭೂಮಿಯ ಮೇಲೆ ಕಾಲಿಡುವ ಕ್ರಮವೂ ಇತ್ಯರ್ಥವಾಯಿತು.

ಬಾಲವಿಲ್ಲದ ತಳಿಯ ಬೆಕ್ಕೂ ಹೀಗೆ ಮಗುಚಬಲ್ಲದು ಎಂದು ಓದಿ ತುಸು ಆಸೆ ಹುಟ್ಟಿತ್ತು. ನಡು ಬಳುಕಿಸಲು ಹೋದೆ. ಅದರ ವಿವರ ಬೇಡ.

ಹಲ್ಲಿಗೆ ಅಂಥ ನಡುವಿಲ್ಲ, ಅದರ ಬಂಡವಾಳವೆಲ್ಲ ಬಾಲದಲ್ಲಿ. ನಮ್ಮ ಪಂಚಾಂಗಗಳಲ್ಲಿ ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ಪಟ್ಟಿಯೇ ಇದೆ. ಬೀಳುವ ಹಲ್ಲಿಯ ಕಷ್ಟವನ್ನು ಯಾವ ಜೋಯಿಸರೂ ವಿಚಾರಿಸಿದಂತಿಲ್ಲ. ವಿಚಾರಿಸಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ರಾಬರ್ಟ್ ಫುಲ್ ಮತ್ತು ಸಂಗಡಿಗರು, 2008ರಲ್ಲಿ. ಬೆನ್ನಡಿಯಾಗಿ ಬೀಳುವ ಹಲ್ಲಿ ಬಾಲವನ್ನು ಒಂದು ಕಡೆಗೆ ಬೀಸುತ್ತದೆ, ಮೈ ಇನ್ನೊಂದು ಕಡೆಗೆ ತಿರುಗಿಕೊಳ್ಳುತ್ತದೆ. ಇಷ್ಟಕ್ಕೂ ಹಿಡಿಯುವ ಹೊತ್ತು ಸೆಕೆಂಡಿನ ಹತ್ತನೆಯ ಒಂದು ಭಾಗ. ಆದರೆ ಬೆಕ್ಕು ಬೆನ್ನಟ್ಟಿದಾಗ ಹಲ್ಲಿ ಕಳಚಿಟ್ಟು ಓಡುವುದೂ ಇದೇ ಬಾಲವನ್ನು. ಹಾಗೆ ಬಾಲ ಕಳೆದುಕೊಂಡ ಅಮೆರಿಕದ ಅನೋಲ್ ಎಂಬ ಓತಿ ಕೊಂಬೆಯಿಂದ ಹಾರಿದರೆ ಗಾಳಿಯಲ್ಲೇ ಹಿಂದಕ್ಕೆ ವಾಲಿ ಕೆಟ್ಟದಾಗಿ ಇಳಿಯುತ್ತದೆ. ಜೀವ ಉಳಿಸಿಕೊಳ್ಳಲು ಕೊಟ್ಟ ಸುಂಕ ಇದು. ಹೊಸ ಬಾಲ ಬರುವವರೆಗೆ ಅದಕ್ಕೂ ಡಾಕ್ಟರು ಯಾರಾದರೂ ಅಂಗಳಕ್ಕಿಳಿಯಬೇಡ ಎನ್ನಬೇಕು.

ಹಾಗಾದರೆ ನಮಗೆ ಏನಿದೆ? ಕಿವಿಯೊಳಗೆ ಮೂರು ಅರ್ಧಚಂದ್ರ ನಾಳಗಳಿವೆ, ಬೆಕ್ಕಿಗಿದ್ದಷ್ಟೇ. ತಲೆ ಯಾವ ಕಡೆಗೆ ತಿರುಗುತ್ತಿದೆ ಎಂಬ ಸುದ್ದಿಯನ್ನು ಅವು ತಪ್ಪದೆ ಮುಟ್ಟಿಸುತ್ತವೆ. ಅಂಗಳದಲ್ಲಿ ನನಗೂ ಸುದ್ದಿ ಮುಟ್ಟಿತ್ತು, ಬೀಳುತ್ತಿದ್ದೇನೆಂಬುದರಲ್ಲಿ ಲವಲೇಶವೂ ಅನುಮಾನವಿರಲಿಲ್ಲ. ಸುದ್ದಿ ತಿಳಿದಮೇಲೆ ಬೀಸುವುದಕ್ಕೆ ಬಾಲದ ಬದಲು ನಮಗೆ ಕೊಟ್ಟಿರುವುದು ತೋಳುಗಳನ್ನು. ನಾನೋ ಒಂದಕ್ಕೆ ಕೊಡೆ, ಇನ್ನೊಂದಕ್ಕೆ ತಂಬಿಗೆ ಕಟ್ಟಿ ಎರಡನ್ನೂ ಕೆಲಸಕ್ಕೆ ಹಚ್ಚಿಬಿಟ್ಟಿದ್ದೆ. ಈ ಮಟ್ಟಿಗೆ, ನೋಡಲು ಬಂದ ಎರಡೂ ಪಂಗಡದವರು ಹೇಳಿದ್ದು ಸರಿಯೇ.

ಬೀಳದೆ ಸುಮ್ಮನೆ ನಡೆಯುವಾಗಲೂ ತೋಳಿಗೆ ಬಿಡುವಿಲ್ಲ. ಕಾಲು ಬೀಸಿದಾಗ ಮೈ ತಿರುಚಿಕೊಳ್ಳಲು ನೋಡುತ್ತದೆ, ಎದುರು ಬದಿಯ ಕೈ ಬೀಸಿ ಅದನ್ನು ಸರಿದೂಗಿಸುತ್ತದೆ. ಸ್ಟೀವನ್ ಕಾಲಿನ್ಸ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಕೈಗಳನ್ನು ಮೈಗೆ ಅಂಟಿಸಿಕೊಂಡು ನಡೆದರೆ ಶೇ. 12ರಷ್ಟು ಹೆಚ್ಚು ಶಕ್ತಿ ಬೇಕು. ಎಡಗಾಲಿನ ಜೊತೆ ಎಡಗೈಯನ್ನೇ ಬೀಸಿ ನಡೆದರೆ ಶೇ. 26ರಷ್ಟು.

ಈ ಎರಡನೆಯ ಅಂಕಿಯನ್ನು ಓದಿ ನಾನು ಬೋರಲು ಮಲಗಿದ್ದವನು ಎದ್ದು ಕೂತುಬಿಟ್ಟೆ, ಕೂತು ಮತ್ತೆ ಮಲಗಿದೆ. ಸ್ವಾತಂತ್ರ್ಯೋತ್ಸವದ ಕವಾಯತಿನಲ್ಲಿ ಎಡಗಾಲಿಗೆ ಎಡಗೈ, ಬಲಗಾಲಿಗೆ ಬಲಗೈ ಎತ್ತುವ ಹುಡುಗ ಪ್ರತಿ ಶಾಲೆಯಲ್ಲೂ ಒಬ್ಬನಿರುತ್ತಾನೆ. ನಮ್ಮ ಶಾಲೆಯಲ್ಲಿ ಆ ಹುದ್ದೆ ನನ್ನದು. ಸುಮ್ಮನೆ ನಡೆಯುವಾಗ ಸರಿಯಿದ್ದ ಕೈಕಾಲು "ಲೆಫ್ಟ್ ರೈಟ್" ಎಂಬ ಶಬ್ದ ಕಿವಿಗೆ ಬಿದ್ದದ್ದೇ ಪಿತೂರಿ ಹೂಡುತ್ತಿದ್ದವು. ಡ್ರಿಲ್ ಮೇಷ್ಟ್ರು ನನ್ನನ್ನು ಸೋಮಾರಿ ಎಂದು ಕರೆದು ಮೈದಾನ ಸುತ್ತಿಸುತ್ತಿದ್ದರು, ನಾನು ಸುತ್ತನ್ನೂ ಹಾಗೆಯೇ ಹಾಕುತ್ತಿದ್ದೆ. ಇಡೀ ಸಾಲಿನಲ್ಲಿ ಎಲ್ಲರಿಗಿಂತ ಕಾಲು ಪಾಲು ಹೆಚ್ಚು ದುಡಿದವನು ನಾನೇ. ಮಧ್ಯಾಹ್ನ ಶಾಲೆಯ ಉಪ್ಪಿಟ್ಟಿಗೆ ಎರಡನೆಯ ಸಲ ತಟ್ಟೆ ಒಡ್ಡಿ ಬೈಸಿಕೊಳ್ಳುತ್ತಿದ್ದಾಗ ಈ ಅಂಕಿ ಕೈಯಲ್ಲಿದ್ದಿದ್ದರೆ ಒಂದು ಸೌಟಾದರೂ ಬೀಳುತ್ತಿತ್ತು.