ರಾಶಿ ಆದ ಮ್ಯಾಲ ಅಪ್‌ಗ್ರೇಡ್

ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಯಾವ ಊರಿಗೆ ಹೋದರೂ ಗೇಮಿಂಗ್ ಪಿಸಿ ಇರುವ ಮನೆ ಯಾವುದೆಂದು ಕೇಳಬೇಕಾಗಿಲ್ಲ. ಪಹಣಿ ಎಲ್ಲಿ ತೆಗೆದುಕೊಡ್ತಾರ್ರಿ ಎಂದರೆ ಸಾಕು, ಅಲ್ಲಿಗೇ ಕಳಿಸುತ್ತಾರೆ.

ಆ ಮನೆಯ ಹುಡುಗನ ಡಿಗ್ರಿ ಮುಗಿದಿದೆ. ಕೆಪಿಎಸ್‌ಸಿಗೆ ಓದುತ್ತಿದ್ದಾನೆ ಎಂಬುದು ಮನೆಯವರ ನಂಬಿಕೆ. ಕಂಪ್ಯೂಟರು ಮೂರನೇ ಜನರೇಶನ್ನಿನ ಐ5, ಅಂದರೆ 2012ರ ತಳಿ. 2020ರ ಲಾಕ್‌ಡೌನಿನಲ್ಲಿ ‘ಆನ್‌ಲೈನ್ ಕ್ಲಾಸಿಗಿ ಬೇಕಪ್ಪಾ’ ಎಂದು ರೊಕ್ಕ ಇಸಿದುಕೊಂಡು ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಆಮೇಲೆ ಅದರೊಳಗೆ ಜಿಟಿಎಕ್ಸ್ 750 ಟಿಐ ಕಾರ್ಡು ಬಂದು ಕೂತಿತು. ಕ್ಲಾಸಿಗೆ ಇದ್ಯಾಕೆಂದು ಅಪ್ಪ ಕೇಳಲಿಲ್ಲ. ಡಬ್ಬಿಯೊಳಗಿನದು ಅವರಿಗೆ ಕಾಣಲಿಲ್ಲ.

ಈಗ ಎಲ್ಲರಿಗೂ ಕಾಣುತ್ತದೆ, ಯಾಕೆಂದರೆ ಸೈಡ್ ಪ್ಯಾನೆಲ್ ಬಿಚ್ಚಿಟ್ಟು ಬಹಳ ಕಾಲವಾಯಿತು. ಬಿಸಿಲು 42 ಡಿಗ್ರಿ ದಾಟಿದರೆ ಟೇಬಲ್ ಫ್ಯಾನು ಅಜ್ಜಿಯನ್ನು ಬಿಟ್ಟು ಕ್ಯಾಬಿನೆಟ್ಟಿನ ಕಡೆ ತಿರುಗುತ್ತದೆ. ಎರೆಹೊಲದ ಧೂಳು, ತೊಗರಿಯ ಹೊಟ್ಟು ಎರಡೂ ಒಳಗೆ ಸೇರಿ, ಒಂದು ದಿನ ಕಂಪ್ಯೂಟರು ಬೀಪ್ ಬೀಪ್ ಎಂದು ಒದರಿ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಈತ ಗಾಬರಿ ಬೀಳುವವನಲ್ಲ. ರ್‍ಯಾಮ್ ಕಿತ್ತು, ತಂಗಿಯ ಕಂಪಾಸಿನ ರಬ್ಬರಿನಿಂದ ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ತಿಕ್ಕಿ, ಉಫ್ ಎಂದು ಊದಿ, ಟಕ್ಕೆಂದು ಸ್ಲಾಟಿಗೆ ಒತ್ತುತ್ತಾನೆ. ಪರದೆ ಬೆಳಗುತ್ತದೆ. ಪಹಣಿಗೆ ಕಾದು ಕೂತ ಕಾಕಾ, ‘ಭಾಳ ಶ್ಯಾಣ್ಯಾ ಇದ್ದಿ ನೋಡು ತಮ್ಮಾ’ ಎನ್ನುತ್ತಾರೆ.

‘ಅಲ್ರೀ ಕಾಕಾ, ಇದಕ್ಕ ಅಪ್‌ಗ್ರೇಡ್ ಮಾಡಸ್ಲೋ, ಹೊಸಾದೇ ತಗೊಳ್ಲೋ?’

ಕಾಕಾಗೆ ಬೇಕಾದದ್ದು ಸರ್ವೆ ನಂಬರ್. ಆದರೂ ಪೂರ್ತಿ ಕೇಳಲೇಬೇಕು. ಪ್ರೊಸೆಸರ್ ಬದಲಿಸಿದರೆ ಬೋರ್ಡ್ ಬದಲಾಗಬೇಕು. ಬೋರ್ಡ್ ಬದಲಾದರೆ ಈ ಡಿಡಿಆರ್3 ರ್‍ಯಾಮ್ ಅದಕ್ಕೆ ಕೂರುವುದಿಲ್ಲ. ದೊಡ್ಡ ಕಾರ್ಡು ಹಾಕಿದರೆ ಎಸ್‌ಎಂಪಿಎಸ್ ತಡೆಯುವುದಿಲ್ಲ. ಹಳೇ ಮಾಳಿಗೆ ಮನೆಯ ಒಂದು ತೊಲೆ ಬದಲಿಸಲು ಹೋದ ಹಾಗೆ, ಕೊನೆಗೆ ಉಳಿಯುವುದು ಬಾಗಿಲು, ಅಂದರೆ ಕ್ಯಾಬಿನೆಟ್ಟು.

ಹೊಸದಕ್ಕೆ ಅರವತ್ತು ಸಾವಿರ. ಕ್ವಿಂಟಲಿಗೆ 8,000 ರೂಪಾಯಿ ಇದ್ದ 2025ರ ತೊಗರಿ ಬೆಂಬಲ ಬೆಲೆಯಲ್ಲಿ ಈತನೇ ಲೆಕ್ಕ ಹಾಕಿ ಅಪ್ಪನ ಮುಂದಿಟ್ಟ.

‘ಏಳೂವರಿ ಕ್ವಿಂಟಲ್ ತೊಗರಿ ಹಾಕಿ ಆಟ ಆಡ್ತಿಯೇನೋ? ರಾಶಿ ಆಗಲಿ, ನೋಡಮು.’

2025ರಲ್ಲಿ ಆ ರಾಶಿಗೂ ಮೊದಲೇ, ಸೆಪ್ಟೆಂಬರಿನಲ್ಲಿ ಭೀಮಾ ಉಕ್ಕಿ ಹೊಲಗಳಿಗೆ ನುಗ್ಗಿತು. ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟಿತು. ವಿಂಡೋಸ್ 11 ಮೂರನೇ ಜನರೇಶನ್ನನ್ನು ಹೊಸ್ತಿಲು ದಾಟಗೊಡುವುದಿಲ್ಲ. ವರ್ಷದ ಕೊನೆಗೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡು ರ್‍ಯಾಮ್ ದರ ಗಗನಕ್ಕೇರಿತು. ಈತ ಮಾತ್ರ ಒಳಗೊಳಗೇ ಹಿಗ್ಗಿದ: ‘ನಾ ಅವಾಗೇ ಹೇಳಿದ್ದಿಲ್ಲೇನು, ಈಗ ತಗೊಳ್ಳೋ ಟೈಮ್ ಅಲ್ಲ.’ 2021ರಲ್ಲೂ ಇದನ್ನೇ ಹೇಳಿದ್ದ. ಆಗ ಕಾರ್ಡುಗಳನ್ನೆಲ್ಲ ಎತ್ತಿಕೊಂಡು ಹೋದವರು ಕ್ರಿಪ್ಟೊದವರು.

ಈಗಿನ ನೆಪ ಜಿಟಿಎ 6. ಅದು ಬರಲಿ, ಅದಕ್ಕೆ ತಕ್ಕಂತೆ ಒಮ್ಮೆಗೇ ಕೊಳ್ಳುವುದಂತೆ. ಕಂಪನಿ ಘೋಷಿಸಿದ್ದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸಿಗೆ ಎಂದು ಯಾರಾದರೂ ನೆನಪಿಸಿದರೆ ಇನ್ನೂ ಖುಷಿ, ಕಾಯಲು ಮತ್ತಷ್ಟು ಕಾಲ ಸಿಕ್ಕಿತಲ್ಲ! ನನ್ನನ್ನು ಕೇಳಿದರೆ, ಹೊಸ ಯಂತ್ರ ಮನೆಗೆ ಬಂದ ದಿನವೇ ಈತ ಅರ್ಧ ನಿರುದ್ಯೋಗಿ. ದರ ನೋಡುವುದು, ಕೂಡಿಸುವುದು, ಕಳೆಯುವುದು, ಮುಂದೂಡುವುದು ಇವೇ ಅವನ ಅಸಲಿ ಆಟ. ಕಂಪ್ಯೂಟರಿನಲ್ಲಿ ಆಡುವುದು ಬರೀ ವೈಸ್ ಸಿಟಿ.

ನಿಮ್ಮ ಮನೆಯಲ್ಲೂ ಇಂಥವನೊಬ್ಬನಿದ್ದರೆ ಒಂದು ಎಸ್‌ಎಸ್‌ಡಿ ಕೊಡಿಸಿ. ಹಳೇದೂ ಚುರುಕಾಗುತ್ತದೆ, ನಾಳೆ ಹೊಸದಕ್ಕೂ ಹೊಂದುತ್ತದೆ. ಅದರಾಚೆ ಆ ಬೋರ್ಡಿನ ಮೇಲೆ ಒಂದು ರೂಪಾಯಿ ಸುರಿಯಬೇಡಿ.