ಬಾಲ್‌ಪಾರ್ಕ್ ಭಟ್ರು

ನಮ್ಮ ಮೇನೇಜರಿಗೆ ಆಫೀಸಿನಲ್ಲಿ ಬಿದ್ದಿರುವ ಹೆಸರು ಬಾಲ್‌ಪಾರ್ಕ್ ಭಟ್ರು. ಅದು ಅವರ ಕಿವಿಗೆ ಬಿದ್ದಿಲ್ಲವೆಂದು ನಾವು ನಂಬಿಕೊಂಡಿದ್ದೇವೆ. ಯಾವ ಕೆಲಸದ ಸುದ್ದಿ ಬಂದರೂ ‘ಎಷ್ಟು ದಿನ ಹಿಡೀಬಹುದು, ಒಂದು ಬಾಲ್‌ಪಾರ್ಕ್ ಫಿಗರ್ ಕೊಡ್ರಪ್ಪ’ ಎನ್ನುತ್ತಾರೆ. ಬಾಲ್‌ಪಾರ್ಕ್ ಅಂದರೆ ಅಮೆರಿಕದವರು ಬೇಸ್‌ಬಾಲ್ ಆಡುವ ಮೈದಾನ. ಭಟ್ರು ಆಡಿ ಬೆಳೆದದ್ದು ಲಗೋರಿ. ‘ಟಚ್ ಬೇಸ್’ ಮಾಡೋಣ ಎನ್ನುವುದೂ ಆ ಆಟದ್ದೇ, ಊಟಕ್ಕೆ ಕರೆದಾಗ ತೆಗೆದುಕೊಳ್ಳುವ ‘ರೇನ್‌ಚೆಕ್’ ಕೂಡ. ಮಳೆ ಬಂದು ಪಂದ್ಯ ಕೆಟ್ಟರೆ ಇನ್ನೊಂದು ದಿನ ಬಂದು ನೋಡಲು ನಡೆಯುತ್ತಿದ್ದ ಚೀಟಿ ಅದು. ನಮ್ಮ ಕ್ಯಾಂಟೀನಿನ ಪಲಾವಿಗೆ ಭಟ್ರು ಈತನಕ ಆರು ರೇನ್‌ಚೆಕ್ ತೆಗೆದುಕೊಂಡಿದ್ದಾರೆ. ಪಲಾವಿನ ಮಟ್ಟಿಗೆ ನಾನು ಅವರ ಪರ.

ಈ ತಳಿ ಇಂದು ನಿನ್ನೆಯದಲ್ಲ. ಸವಕಲು ಮಾತುಗಳನ್ನೇ ಪೋಣಿಸಿ ಹರಟುವ ಇಂಗ್ಲೆಂಡಿನ ದೊಡ್ಡಮನುಷ್ಯರನ್ನು ಗೇಲಿ ಮಾಡಲೆಂದೇ ಜೊನಾಥನ್ ಸ್ವಿಫ್ಟ್ 1738ರಲ್ಲಿ ಒಂದು ಪುಸ್ತಕ ಹೊರತಂದ. ನಾಯಿ ಬೆಕ್ಕುಗಳ ಮಳೆ ಅದರಲ್ಲೂ ಸುರಿದಿದೆ. ಅವನು ನಕ್ಕು ಬಿಸಾಕಿದ್ದನ್ನು ನಮ್ಮ ಹೈಸ್ಕೂಲಿನಲ್ಲಿ ಹೆಕ್ಕಿ ಉರು ಹೊಡೆಸಿದರು, ಎರಡು ಮಾರ್ಕಿಗೆ.

ಭಟ್ರ ಮುದ್ದಿನ ಮಾತು ಮಾತ್ರ ‘ಲೋ ಹ್ಯಾಂಗಿಂಗ್ ಫ್ರೂಟ್’. ಕೈಗೆಟುಕುವ ಹಣ್ಣನ್ನು ಮೊದಲು ಕೊಯ್ಯಿರಿ, ಅರ್ಥಾತ್ ಸುಲಭದ ಕೆಲಸ ಮೊದಲು ಮುಗಿಸಿ. ಸೇಬಿನ ತೋಟದವರು ಹೇಳಿದ್ದರೆ ತಲೆಯಾಡಿಸಬಹುದಿತ್ತು. ಭಟ್ರದು ಶಿರಸಿ ಕಡೆಯ ಅಡಿಕೆ ತೋಟ.

ಮೊನ್ನೆ ಮೀಟಿಂಗಿನ ನಡುವೆ ಅವರ ಅಪ್ಪಯ್ಯನ ಫೋನು ಬಂತು. ಹಿರಿಯರ ದನಿಗೆ ಸ್ಪೀಕರಿನ ಹಂಗಿಲ್ಲ. ಪಕ್ಕದಲ್ಲಿದ್ದ ನನಗೆ ತೋಟದ ಮಳೆಯೂ ಕೇಳಿಸುತ್ತಿತ್ತು.

‘ಮರ ಹತ್ತಿ ಮದ್ದು ಹೊಡಿಯಲೆ ಕೊನೆಗೌಡ ಇನ್ನೂ ಬೈಂದ್ನಿಲ್ಲೆ ಮಾಣಿ!’

ಭಟ್ರ ಕಣ್ಣು ಪರದೆಯ ಮೇಲೆ. ಬಾಯಿ ಅಭ್ಯಾಸಬಲದಿಂದ ಹೇಳಿತು: ‘ಕೈಗೆ ಸಿಕ್ಕೂದನ್ನ ಮೊದ್ಲು ಮುಗಿಸಿ ಬಿಡು, ಅಪ್ಪಯ್ಯ.’

ಆ ಕಡೆ ಒಂದು ಗಳಿಗೆ ಬರೀ ಮಳೆ.

‘ಕೈಗೆ ಸಿಕ್ಕೂದು ಕೊಳೆ ಬಂದು ಉದುರಿದ್ದೊಂದೇಯ. ನೀನೇ ಬಂದು ಹೆಕ್ಕು!’

ಭಟ್ರು ಫೋನು ಜೇಬಿಗಿಳಿಸಿ, ಕನ್ನಡಕ ಒರೆಸಿಕೊಂಡು, ‘ಎಲ್ಲಿದ್ವಿ ನಾವು?’ ಎಂದರು.

‘ಲೋ ಹ್ಯಾಂಗಿಂಗ್ ಫ್ರೂಟ್ ಹತ್ರ ಸಾರ್.’

‘ಅದಕ್ಕೊಂದು ರೇನ್‌ಚೆಕ್’ ಎಂದರು ಭಟ್ರು.