ಆದಾಯನಿಧಿ: ಒಂದು ಸಮಾಸ ಜಿಜ್ಞಾಸೆ

ಶೇರುಪೇಟೆ ಬಿದ್ದಾಗ ದುಡ್ಡನ್ನು ಎಲ್ಲಿಡಬೇಕೆಂದು ಜನ ಅರ್ಥಶಾಸ್ತ್ರಜ್ಞರನ್ನು ಕೇಳುವುದು ರೂಢಿ. ಕೇಳಬೇಕಾದದ್ದು ವೈಯಾಕರಣರನ್ನು ಎಂಬುದು ಈ ಪ್ರಬಂಧದ ಪ್ರತಿಜ್ಞೆ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಕುಸಿದು 25,981ಕ್ಕೆ ಬಂದು ಕೂತಿತು. ಎರಡೇ ತಿಂಗಳ ಹಿಂದೆ ಅದು 42,000ದ ಮೇಲೆ ಮೆರೆದಿತ್ತು. ಇಂಥ ಹೊತ್ತಿನಲ್ಲಿ ನಿವೃತ್ತರ ಬಾಯಲ್ಲಿ ಒಂದೇ ಮಾತು: ‘ಬೆಳೆಯೋದೇನೂ ಬೇಡ, ತಿಂಗಳಿಗಿಷ್ಟು ಅಂತ ಬಂದರೆ ಸಾಕು.’ ಆಗ ‘ಆದಾಯನಿಧಿ’ ಎಂಬ ಪದ ಕಿವಿಗೆ ಹಾಲೂ ತುಪ್ಪವೂ ಆಗಿ ಕೇಳಿಸುತ್ತದೆ. ಆದರೆ ಅದು ಸಮಸ್ತಪದ. ಸಮಸ್ತಪದವೆಂದ ಮೇಲೆ ವಿಗ್ರಹವಾಕ್ಯ ಇರಲೇಬೇಕು. ವಿಗ್ರಹ ಮಾಡದೆ ಅರ್ಜಿಗೆ ಸಹಿ ಹಾಕಿದವನು ಸಮಾಸ ಗೊತ್ತಿಲ್ಲದೆ ಸ್ವತ್ತು ಕಳೆದುಕೊಳ್ಳುತ್ತಾನೆ. ಹಣಕಾಸು ಪಂಡಿತರು ಈ ಸಂಗತಿಯನ್ನು ಗಮನಿಸಿಲ್ಲ. ಶಬ್ದಮಣಿದರ್ಪಣದ ಕೇಶಿರಾಜನೂ ಗಮನಿಸಿಲ್ಲ. ಆದರೆ ಅವನಿಗೆ ಹದಿಮೂರನೆಯ ಶತಮಾನದವನೆಂಬ ನೆಪವಾದರೂ ಇದೆ.

ಹೂಡಿಕೆದಾರರ ಸಂಪ್ರದಾಯ ಈ ಪದವನ್ನು ತತ್ಪುರುಷವೆಂದು ಓದುತ್ತದೆ: ಆದಾಯವನ್ನು ಕೊಡುವ ನಿಧಿ. ಸರಳವಾದ ಓದು, ಮನೆಮಂದಿಗೆಲ್ಲ ಒಪ್ಪುವ ಓದು. ಆದರೆ ನಡುವಿದ್ದ ‘ಕೊಡುವ’ ಎಂಬ ಪದ ಎಲ್ಲಿ ಹೋಯಿತು? ಲೋಪವಾಯಿತು. ವ್ಯಾಕರಣದಲ್ಲಿ ಲೋಪವಾದ ಪದ ಅರ್ಥದಲ್ಲಿ ಉಳಿದಿರುತ್ತದೆ. ಹಣಕಾಸಿನಲ್ಲಿ ಪದದ ಜೊತೆಗೆ ಅರ್ಥವೂ ಗಂಟುಮೂಟೆ ಕಟ್ಟುತ್ತದೆ. ಇದಕ್ಕೆ ಸಾಕ್ಷಿ, ಹಿಂದೆ ಮಂತ್ಲಿ ಇನ್‌ಕಮ್ ಪ್ಲ್ಯಾನ್ ಎಂದು ಮಾರಾಟವಾಗುತ್ತಿದ್ದ ಯೋಜನೆಗಳು. ಹೆಸರಿನಲ್ಲಿ ತಿಂಗಳೂ ಇತ್ತು, ಆದಾಯವೂ ಇತ್ತು. ಅಡಿಯಲ್ಲಿ ಮಾತ್ರ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ತಿಂಗಳ ಆದಾಯಕ್ಕೆ ಖಾತರಿಯಿಲ್ಲ, ಹಂಚಲು ಮಿಗುತಾಯ ಇದ್ದರೆ ಉಂಟು ಎಂಬ ಷರಾ ಇರುತ್ತಿತ್ತು. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಶೇರುಪೇಟೆಗಿಂತ ಹಳೆಯದೆಂಬುದು ನಮ್ಮ ಪೂರ್ವಿಕರ ದೂರದೃಷ್ಟಿಗೆ ನಿದರ್ಶನ. ಕೊನೆಗೆ 2017ರ ಅಕ್ಟೋಬರಿನಲ್ಲಿ ಸೆಬಿ ಯೋಜನೆಗಳನ್ನೆಲ್ಲ ಹೊಸದಾಗಿ ವಿಂಗಡಿಸಿದಾಗ ಇವು ‘ಕನ್ಸರ್ವೇಟಿವ್ ಹೈಬ್ರಿಡ್’ ಎಂಬ ಹೆಸರು ತೊಟ್ಟವು. ಇವುಗಳ ಹಣದಲ್ಲಿ ಶೇ 10ರಿಂದ 25ರಷ್ಟು ಶೇರುಗಳಲ್ಲೇ ಇರಬೇಕೆಂಬುದು ನಿಯಮ. ಪೇಟೆ ಬಿದ್ದರೆ ಆ ಪಾಲೂ ಜೊತೆಗೆ ಬೀಳುತ್ತದೆ.

ತತ್ಪುರುಷ ಬಿದ್ದುಹೋದ ಮೇಲೆ ಉಳಿಯುವುದು ಅಂಶಿಸಮಾಸ. ಅಂಗೈ ಎಂದರೆ ಕೈಯದೇ ಒಂದು ಭಾಗ ಹೇಗೋ, ಆದಾಯವೆಂದರೆ ನಿಧಿಯದೇ ಒಂದು ತುಂಡು. ಲೆಕ್ಕ ನೋಡಿ. ಯೂನಿಟ್ಟಿಗೆ 25 ರೂಪಾಯಿಯಂತೆ 10,000 ಯೂನಿಟ್ ಇದ್ದವರ ಗಂಟು 2,50,000 ರೂಪಾಯಿ. ಯೂನಿಟ್ಟಿಗೆ 1 ರೂಪಾಯಿ ಹಂಚಿದರೆ ಖಾತೆಗೆ 10,000 ಬಂತೆಂದು ಫೋನು ‘ಟಿಣ್’ ಎನ್ನುತ್ತದೆ. ಅದೇ ಹೊತ್ತಿಗೆ ಯೂನಿಟ್ಟಿನ ಬೆಲೆ 24ಕ್ಕೆ ಇಳಿದಿರುತ್ತದೆ. ಅದಕ್ಕೆ ‘ಟಿಣ್’ ಎನ್ನುವ ಏರ್ಪಾಡಿಲ್ಲ. ಅಂಗಿ ಜೇಬಿನದು ಪಂಚೆ ಗಂಟಿಗೆ ಬಂದಿದೆ, ಅಷ್ಟೆ. ಹಾಗೆ ಬರುವಾಗ ದಾರಿಯಲ್ಲಿ ತೆರಿಗೆಯೂ ಕೈಯೊಡ್ಡುತ್ತದೆ: 2020ರ ಏಪ್ರಿಲ್ 1ರಿಂದ ಲಾಭಾಂಶವನ್ನು ಪಡೆದವರ ಆದಾಯಕ್ಕೆ ಸೇರಿಸಿ, ಅವರವರ ಶ್ರೇಣಿಯಂತೆ ತೆರಿಗೆ ಹಾಕಲಾಗುತ್ತಿದೆ. ಈ ಅಂಶಿಸಮಾಸಕ್ಕೆ ವಿಗ್ರಹವಾಕ್ಯ ಬರೆದುಕೊಟ್ಟದ್ದು ಯಾವ ಪಂಡಿತನೂ ಅಲ್ಲ, ಸ್ವತಃ ಸೆಬಿ. ಮ್ಯೂಚುಯಲ್ ಫಂಡುಗಳ ‘ಡಿವಿಡೆಂಡ್’ ಆಯ್ಕೆಯನ್ನು 2021ರ ಏಪ್ರಿಲ್ 1ರಿಂದ ‘ಇನ್‌ಕಮ್ ಡಿಸ್ಟ್ರಿಬ್ಯೂಷನ್ ಕಮ್ ಕ್ಯಾಪಿಟಲ್ ವಿತ್‌ಡ್ರಾಯಲ್’ ಎಂದು ಕರೆಯಬೇಕೆಂದು ಅದು ಆಜ್ಞೆ ಹೊರಡಿಸಿತು. ಆದಾಯದ ಹಂಚಿಕೆ, ಜೊತೆಗೆ ಅಸಲಿನ ಹಿಂತೆಗೆತ: ಇದಕ್ಕಿಂತ ಸ್ವಚ್ಛವಾದ ವಿಗ್ರಹ ಭಾಷ್ಯಕಾರರಿಗೂ ಸಾಧ್ಯವಿರಲಿಲ್ಲ. ಪೇಟೆಯವರು ತಡಮಾಡದೆ ಅದನ್ನು ‘ಐಡಿಸಿಡಬ್ಲ್ಯೂ’ ಎಂದು ಮುದುರಿ, ಬಿಡಿಸಿದ ಸಮಾಸವನ್ನು ಮತ್ತೆ ಕಟ್ಟಿಬಿಟ್ಟರು.

ಇನ್ನು ಅರಿಸಮಾಸ. ಬೇರೆ ಬೇರೆ ಭಾಷೆಯ ಪದಗಳನ್ನು ಸಲ್ಲದಂತೆ ಕೂಡಿಸಿದರೆ ಅದು ಕಾವ್ಯಕ್ಕೆ ಶತ್ರುವೆಂದು ನಮ್ಮ ಲಾಕ್ಷಣಿಕರು ಎಚ್ಚರಿಸಿದ್ದಾರೆ. ‘ಡಿವಿಡೆಂಡ್ ಇಳುವರಿ’ ಎಂಬ ಪ್ರಯೋಗ ಕಾವ್ಯಕ್ಕೆ ಮಾತ್ರವಲ್ಲ, ಕಿಸೆಗೂ ಅರಿ. ಶೇರಿಗೆ 10 ರೂಪಾಯಿ ಲಾಭಾಂಶ ಕೊಟ್ಟ ಕಂಪನಿಯ ಶೇರು 200 ರೂಪಾಯಿ ಇದ್ದಾಗ ಇಳುವರಿ ಶೇ 5. ಶೇರು 100ಕ್ಕೆ ಬಿದ್ದರೆ ಇಳುವರಿ ಶೇ 10. ಕಂಪನಿ ಒಂದು ಪೈಸೆಯನ್ನೂ ಹೆಚ್ಚಿಗೆ ಕೊಟ್ಟಿಲ್ಲ. ಅರ್ಧ ಹೊಲ ಕೊಚ್ಚಿಹೋದ ಮೇಲೂ ಹೋದ ವರ್ಷದ ಚೀಲಗಳನ್ನೇ ಎಣಿಸಿ, ಎಕರೆಗೆ ಇಳುವರಿ ದುಪ್ಪಟ್ಟಾಯಿತೆಂದು ಬೀಗಿದ ಹಾಗೆ ಇದು. ಈ ವರ್ಷ ಅಷ್ಟೇ ಚೀಲ ಬರುತ್ತದೆಂದು ಹೇಳುವವರು ಯಾರು? 2020ರ ಏಪ್ರಿಲ್ 17ರಂದು ರಿಸರ್ವ್ ಬ್ಯಾಂಕು, ಮಾರ್ಚ್ 31ಕ್ಕೆ ಮುಗಿದ ವರ್ಷದ ಲಾಭದಿಂದ ಯಾವ ಬ್ಯಾಂಕೂ ಲಾಭಾಂಶ ಕೊಡಕೂಡದು ಎಂದಿತು. ಪಟ್ಟಿಯಲ್ಲಿ ಇಳುವರಿ ಕೊಬ್ಬಿ ಕಾಣುತ್ತಿದ್ದ ಹೊತ್ತಿಗೇ ಕೆಚ್ಚಲಿಗೆ ಬೀಗ ಬಿದ್ದಿತ್ತು.

ಬಹುವ್ರೀಹಿಯನ್ನು ಕೈಬಿಟ್ಟರೆ ಪ್ರಬಂಧ ಅಪೂರ್ಣ. ಮುಕ್ಕಣ್ಣ ಎಂದರೆ ಮೂರೂ ಅಲ್ಲ, ಕಣ್ಣೂ ಅಲ್ಲ, ಮೂರನೆಯವನಾದ ಶಿವ. ಹಾಗೆಯೇ ‘ಆದಾಯವು ಯಾರಿಗೆ ನಿಧಿಯಿಂದ ತಪ್ಪದೆ ಬರುವುದೋ ಅವನು’ ಎಂದು ಬಿಡಿಸಿದರೆ ಹೂಡಿಕೆದಾರ ಕಾಣುವುದಿಲ್ಲ, ನಿಧಿ ನಡೆಸುವವರು ಕಾಣುತ್ತಾರೆ. ಅವರ ವೆಚ್ಚ ದಿನದಿನವೂ ಯೂನಿಟ್ಟಿನ ಬೆಲೆಯಿಂದ ಮುರಿದುಹೋಗುತ್ತದೆ. ಪೇಟೆ ಏರಿದ ದಿನವೂ, ಬಿದ್ದ ದಿನವೂ. ವರ್ಷಕ್ಕೆ ಶೇ 1.5 ಎಂದಿಟ್ಟುಕೊಂಡರೆ ಮೇಲಿನ 2,50,000ದ ಗಂಟಿನಿಂದ 3,750 ರೂಪಾಯಿ, ದಿನಕ್ಕೆ ಹತ್ತರ ಮೇಲೆ ಚಿಲ್ಲರೆ. ಇಡೀ ಯೋಜನೆಯಲ್ಲಿ ಖಾತರಿಯಾದ ಆದಾಯ ಇದೊಂದೇ.

ಈಗ ಆಕ್ಷೇಪಗಳು. ಶೇರಿನ ಗೊಡವೆ ಬೇಡ, ಸಾಲಪತ್ರಗಳ ಆದಾಯನಿಧಿಯಲ್ಲಿಟ್ಟರೆ ಭಯವಿಲ್ಲ ಎನ್ನುವವರಿದ್ದಾರೆ. 2020ರ ಏಪ್ರಿಲ್ 23ರಂದು ಫ್ರ್ಯಾಂಕ್ಲಿನ್ ಟೆಂಪಲ್‌ಟನ್ ಸಂಸ್ಥೆ ತನ್ನ ಆರು ಸಾಲಪತ್ರ ಯೋಜನೆಗಳ ಬಾಗಿಲು ಹಾಕಿತು. ಅವುಗಳಲ್ಲೊಂದರ ಹೆಸರಿನಲ್ಲೇ ‘ಇನ್‌ಕಮ್ ಆಪರ್ಚುನಿಟೀಸ್’ ಎಂದಿತ್ತು. ಹೂಡಿದವರಿಗೆ ಮುಂದೆ ಕಂತುಕಂತಾಗಿ ಹಣ ಬಂತೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಹಾಲಿನವನ ಲೆಕ್ಕ ಕಂತಿಗೆ ಕಾಯುವುದಿಲ್ಲ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಲಾಭಾಂಶ ಕೈಗೆ ಬರುತ್ತಿದ್ದರೆ ಮನುಷ್ಯ ಹೆದರಿ ಮೂಲವನ್ನು ಮಾರುವುದಿಲ್ಲ, ಮನಸ್ಸಿಗೆ ಲಗಾಮು ಇರುತ್ತದೆ. 1984ರಲ್ಲೇ ಶೆಫ್ರಿನ್ ಮತ್ತು ಸ್ಟ್ಯಾಟ್‌ಮನ್ ಎಂಬ ವಿದ್ವಾಂಸರು ಈ ವಾದ ಹೂಡಿದ್ದಾರೆ, ನಾವು ತಲೆಬಾಗುತ್ತೇವೆ. ಆದರೆ ಮೂಗಿಗೆ ಸವರಿದ ತುಪ್ಪದಿಂದ ನೆಮ್ಮದಿ ಸಿಗಬಹುದು, ಹೊಟ್ಟೆ ತುಂಬುವುದಿಲ್ಲ. ಹಾಗಾದರೆ ಲಾಭಾಂಶ ಬೇಡ, ತಿಂಗಳು ತಿಂಗಳು ನಾವೇ ಯೂನಿಟ್ ಮಾರಿಕೊಳ್ಳುತ್ತೇವೆ ಎಂಬುದು ಮೂರನೆಯವರ ವಾದ. 10,000 ರೂಪಾಯಿಗೆ ಬೆಲೆ 50 ಇದ್ದಾಗ 200 ಯೂನಿಟ್ ಮಾರಿದರೆ ಸಾಕು. 35ಕ್ಕೆ ಇಳಿದಾಗ 286 ಮಾರಬೇಕು. ಇಳಿಗಾಲದಲ್ಲಿ ಇದೂ ಅಂಶಿಸಮಾಸವೇ, ತುಂಡು ಮಾತ್ರ ಇನ್ನೂ ದೊಡ್ಡದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು.

ಹೂಡಿಕೆದಾರ ನಿಜವಾಗಿ ಬಯಸುವುದು ದ್ವಂದ್ವವನ್ನು: ಆದಾಯವೂ ಇರಲಿ, ನಿಧಿಯೂ ಇರಲಿ. ಪೇಟೆ ಬಿದ್ದ ಕಾಲದಲ್ಲಿ ಒಂದೇ ಪದದೊಳಗೆ ಇವೆರಡೂ ಬಾಳುವುದಿಲ್ಲ. ಆದ್ದರಿಂದ ಸಮಾಸವನ್ನೇ ಬಿಡಿಸಬೇಕೆಂಬುದು ನಮ್ಮ ಸಿದ್ಧಾಂತ. ಪಿಂಚಣಿ ಕಳೆದು ಉಳಿಯುವ ಎರಡು ಮೂರು ವರ್ಷದ ಮನೆಖರ್ಚು ಬ್ಯಾಂಕಿನ ಠೇವಣಿಯಲ್ಲಿರಲಿ. ಅರವತ್ತು ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ: 2023ರ ಏಪ್ರಿಲ್‌ನಲ್ಲಿ ಮಿತಿ 15ರಿಂದ 30 ಲಕ್ಷಕ್ಕೇರಿತು, ಸೇರಿದ ದಿನದ ಬಡ್ಡಿದರ ಐದು ವರ್ಷ ಅಲುಗದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ ಒಬ್ಬರಿಗೆ 9 ಲಕ್ಷದವರೆಗೆ, ಜಂಟಿಯಾಗಿ 15 ಲಕ್ಷದವರೆಗೆ. ಅಲ್ಲಿ ‘ಕೊಡುವ’ ಎಂಬ ಪದ ಲೋಪವಾಗಿಲ್ಲ. ಸ್ಥಿರ ಬಡ್ಡಿಯನ್ನು ಬೆಲೆಯೇರಿಕೆ ತಿಂದುಹಾಕುತ್ತದೆ ಎಂಬ ಕೊನೆಯ ಆಕ್ಷೇಪ ನಿಜ. ಮಿಕ್ಕ ಹಣ ಶೇರುಗಳ ಬೆಳವಣಿಗೆ ಯೋಜನೆಯಲ್ಲಿ ಕೂರಬೇಕಾದದ್ದು ಅದಕ್ಕಾಗಿಯೇ. ಅದನ್ನು ಪೇಟೆ ಚೇತರಿಸುವ ತನಕ ಮುಟ್ಟಕೂಡದು. ಇನ್ನು ಆದಾಯವೆಂಬ ಹೆಸರು ಹೊತ್ತ ಯಾವುದೇ ಅರ್ಜಿ ಮುಂದೆ ಬಂದರೆ ‘ಎಷ್ಟು ಕೊಡುತ್ತದೆ’ ಎಂದು ಕೇಳುವ ಮೊದಲು ‘ಯಾವುದರಿಂದ ಕೊಡುತ್ತದೆ’ ಎಂದು ಕೇಳಿ. ‘ಬಡ್ಡಿಯಿಂದ’ ಎಂದರೆ ಮುಂದಿನ ಪುಟ ಓದಿ. ‘ನಿಮ್ಮ ಅಸಲಿನಿಂದ’ ಎಂದರೆ ಪೆನ್ನಿಗೆ ಮುಚ್ಚಳ ಹಾಕಿ.